ಕಥೆಗಾಗಿ ಲಿಪಿ ಕಲಿತವರು



ಒಂದು ಭಾಷೆಗೆ ಓದುಗರು ಹೇಗೆ ಹುಟ್ಟುತ್ತಾರೆ? ಸರಕಾರದ ಆಜ್ಞೆಯಿಂದಲೋ, ಸಾಲಿಯ ಗುರುಗಳ ಬೆತ್ತದಿಂದಲೋ, ಸಭೆ ಸಮ್ಮೇಳನಗಳ ಠರಾವಿನಿಂದಲೋ? ಗಡಿಯಲ್ಲಿ ಬಾಳುವ ನಮಗೆ ಇದು ಪಂಡಿತರ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರದ ಎಷ್ಟೋ ಮನೆಗಳಲ್ಲಿ ಅಜ್ಜಿ ಮೊಮ್ಮಗನನ್ನು ಕರೆಯುವುದು ಕನ್ನಡದಲ್ಲಿ, ಮೊಮ್ಮಗ ಓ ಎನ್ನುವುದೂ ಕನ್ನಡದಲ್ಲಿ. ಆದರೆ ಅದೇ ಹುಡುಗನ ಕೈಗೆ ಕನ್ನಡ ಪುಸ್ತಕ ಕೊಟ್ಟರೆ ಚಿತ್ರ ನೋಡಿ ಕೆಳಗಿಡುತ್ತಾನೆ. ಮಾತು ಉಂಟು, ಅಕ್ಷರ ಇಲ್ಲ. ಇಂಥದೇ ಸ್ಥಿತಿ ನೂರಾ ಮೂವತ್ತು ವರ್ಷಗಳ ಹಿಂದೆ ಉತ್ತರ ಹಿಂದೂಸ್ಥಾನದಲ್ಲಿತ್ತು. ಅಲ್ಲಿ ಒಂದು ಕಥೆಪುಸ್ತಕ ಏನು ಮಾಡಿತು ಎಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಆ ಪುಸ್ತಕದ ಹೆಸರು ‘ಚಂದ್ರಕಾಂತಾ’. ಬರೆದವರು ಬಾಬು ದೇವಕೀನಂದನ ಖತ್ರಿ. ಅದು ಅವರ ಮೊದಲನೆಯ ಕಾದಂಬರಿ. ಹೊರಬಂದದ್ದು 1888ರಲ್ಲಿ, ಕಾಶಿಯಲ್ಲಿ.

‘ಚಂದ್ರಕಾಂತಾ’ ಎಂದೊಡನೆ ನಿಮ್ಮಲ್ಲಿ ಅನೇಕರಿಗೆ ದೂರದರ್ಶನದ ಧಾರಾವಾಹಿ ನೆನಪಾದೀತು. 1994ರಲ್ಲಿ ನೀರಜಾ ಗುಲೇರಿಯವರು ಅದನ್ನು ತೆರೆಗೆ ತಂದಾಗ ರವಿವಾರ ಮುಂಜಾನೆ ಟೀವಿ ಇದ್ದ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕ್ರೂರಸಿಂಗನ ‘ಯಕ್ಕೂ’ ಎಂಬ ಉದ್ಗಾರ ನಮ್ಮ ಹಳ್ಳಿಯ ಹುಡುಗರ ಬಾಯಲ್ಲೂ ಕುಣಿಯುತ್ತಿತ್ತು. ಆದರೆ ಮೂಲ ಪುಸ್ತಕದ ಕಥೆ ಬೇರೆ, ಆ ಪುಸ್ತಕ ಹುಟ್ಟಿದ ಕಥೆ ಅದಕ್ಕಿಂತಲೂ ಬೇರೆ.

ಖತ್ರಿಯವರು ಹುಟ್ಟಿದ್ದು 1861ರಲ್ಲಿ, ಬಿಹಾರದ ಮುಜಫ್ಫರಪುರ ಕಡೆಯ ಪೂಸಾದಲ್ಲಿ, ತಾಯಿಯ ತವರಿನಲ್ಲಿ. ಅವರು ಮೊದಲು ಕಲಿತದ್ದು ಉರ್ದು ಮತ್ತು ಪಾರಸಿ. ಆ ಕಾಲದಲ್ಲಿ ನೌಕರಿ ಬೇಕೆನ್ನುವವನು, ವ್ಯಾಪಾರದ ಕಾಗದ ತಿಳಿಯಬೇಕೆನ್ನುವವನು ಅದನ್ನೇ ಕಲಿಯಬೇಕಿತ್ತು. ಹಿಂದಿ, ಸಂಸ್ಕೃತ ಅವರಿಗೆ ಬಂದದ್ದು ಆಮೇಲೆ, ಕಾಶಿಗೆ ಬಂದು ನೆಲೆಸಿದ ನಂತರ. ಮೊದಲು ಗಯಾ ಜಿಲ್ಲೆಯ ಟೇಕಾರಿ ಸಂಸ್ಥಾನದ ಆಶ್ರಯದಲ್ಲಿ ವ್ಯವಹಾರ ಮಾಡಿದರು. ಆ ಮೇಲೆ ಕಾಶಿಯ ಮಹಾರಾಜರಿಂದ ಚಕಿಯಾ ಮತ್ತು ನೌಗಢದ ಅಡವಿಗಳ ಗುತ್ತಿಗೆ ಹಿಡಿದರು. ಅಡವಿಯ ಗುತ್ತೇದಾರನಿಗೆ ಮನೆಯಲ್ಲಿ ಕೂತರೆ ನಡೆಯುವುದಿಲ್ಲ. ವಿಂಧ್ಯದ ಗುಡ್ಡ, ಕಣಿವೆ, ಗವಿ, ಹಾಳುಬಿದ್ದ ಕೋಟೆಗಳ ನಡುವೆ ವರ್ಷಗಟ್ಟಲೆ ತಿರುಗಾಡಿದರು. ಮುಂದೆ ಆ ಗುತ್ತಿಗೆ ಕೈಬಿಟ್ಟಿತು. ಕೈ ಖಾಲಿಯಾಯಿತು, ಆದರೆ ತಲೆ ತುಂಬಿತ್ತು. ಕಂಡಿದ್ದ ಕೋಟೆಗಳಲ್ಲಿ ರಾಜರನ್ನು ಕೂರಿಸಿದರು, ಹೊಕ್ಕಿದ್ದ ಗವಿಗಳಲ್ಲಿ ನಿಧಿಗಳನ್ನು ಬಚ್ಚಿಟ್ಟರು. ಬರೆದಾಗ ಅವರಿಗೆ ಇಪ್ಪತ್ತೇಳರ ವಯಸ್ಸು.

ಕಥೆ ಏನು? ನೌಗಢದ ರಾಜಕುಮಾರ ವೀರೇಂದ್ರಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ. ಇಬ್ಬರಿಗೂ ಪ್ರೇಮ, ಆದರೆ ಎರಡು ಮನೆತನಗಳ ನಡುವೆ ಹೊಂದಾಣಿಕೆ ಇಲ್ಲ. ವಿಜಯಗಢದ ದಿವಾನನ ಮಗ ಕ್ರೂರಸಿಂಗನಿಗೆ ರಾಜಕುಮಾರಿಯೂ ಬೇಕು, ರಾಜ್ಯವೂ ಬೇಕು. ಅವನು ಚುನಾರಗಢದ ಶಿವದತ್ತ ರಾಜನ ಆಶ್ರಯಕ್ಕೆ ಓಡುತ್ತಾನೆ. ಅಲ್ಲಿಂದ ಮುಂದೆ ಯುದ್ಧ, ಅಪಹರಣ, ವೇಷ, ಮೋಸಕ್ಕೆ ಪ್ರತಿಮೋಸ. ಇಷ್ಟೇ ಆಗಿದ್ದರೆ ನಮ್ಮ ಬಯಲಾಟದ ಯಾವುದೋ ಒಂದು ಪ್ರಸಂಗ ಎಂದು ಬಿಡಬಹುದಿತ್ತು. ಆದರೆ ಖತ್ರಿಯವರು ಅದರಲ್ಲಿ ಎರಡು ಸಾಮಗ್ರಿ ಬೆರೆಸಿದರು. ಒಂದು ಅಯ್ಯಾರಿ, ಇನ್ನೊಂದು ತಿಲಿಸ್ಮ.

ಅಯ್ಯಾರನೆಂದರೆ ರಾಜರ ಬಳಿ ಇರುವ ಚತುರ ಗೂಢಚಾರ. ವೇಷ ಬದಲಿಸಬಲ್ಲ, ಔಷಧಿ ಬಲ್ಲ, ಹಾಡಬಲ್ಲ, ಗಾಳಿಯಂತೆ ಓಡಬಲ್ಲ. ಹೆಗಲಿಗೆ ಒಂದು ಬಟುವಾ, ಅಂದರೆ ಚೀಲ. ಅದರಲ್ಲಿ ಎಚ್ಚರ ತಪ್ಪಿಸುವ ಪುಡಿಯೂ ಉಂಟು, ಮೂಗಿಗೆ ಹಿಡಿದರೆ ಎಚ್ಚರ ಬರಿಸುವ ಮದ್ದೂ ಉಂಟು. ಸೊಂಟದಲ್ಲಿ ಕೋಟೆ ಹತ್ತುವ ಹಗ್ಗ. ಹೆಂಗಸರಲ್ಲೂ ಅಯ್ಯಾರರುಂಟು. ಚಂದ್ರಕಾಂತಾಳ ಗೆಳತಿ ಚಪಲಾ ಗಂಡಸರನ್ನು ಮೀರಿಸುವ ಜಾಣೆ. ಸೆರೆಸಿಕ್ಕ ಅಯ್ಯಾರನನ್ನು ಕೊಲ್ಲಬಾರದು, ಕೈದಿನಲ್ಲಿ ಇಡಬೇಕು ಎಂಬುದು ಅವರಲ್ಲಿ ಒಂದು ನೇಮ. ಈ ಜನ ತಮ್ಮ ಜಾಣತನದಿಂದ ರಕ್ತ ಚೆಲ್ಲದೆ, ಸೈನ್ಯ ಬಲಿಕೊಡದೆ ಯುದ್ಧ ಮುಗಿಸುತ್ತಿದ್ದರು ಎಂಬ ಅರ್ಥದ ಮಾತನ್ನು ಖತ್ರಿಯವರು ಮುನ್ನುಡಿಯಲ್ಲಿಯೇ ಹೇಳಿದ್ದಾರೆ.

ತಿಲಿಸ್ಮವೆಂದರೆ ಮಾಯೆಯಿಂದ ಕಟ್ಟಿದ ಗುಪ್ತಸ್ಥಾನ. ಒಳಗೆ ನಿಧಿ, ಹೊರಗೆ ಅಪಾಯ. ಯಾರ ಹೆಸರಿನಲ್ಲಿ ಕಟ್ಟಿದೆಯೋ ಅವನಿಂದ ಮಾತ್ರ ಅದು ಮುರಿಯಬೇಕು. ಈ ಪುಸ್ತಕದಲ್ಲಿ ಒಂದು ಕಲ್ಲಿನ ಬಕಪಕ್ಷಿ ಬರುತ್ತದೆ. ಹತ್ತಿರ ಹೋದವರನ್ನು ಬಾಯಿ ತೆರೆದು ನುಂಗಿಬಿಡುತ್ತದೆ. ಓದುಗನ ಎದೆ ಧಸಕ್ಕೆನ್ನುತ್ತದೆ. ಆದರೆ ಖತ್ರಿಯವರ ಚಮತ್ಕಾರ ಇರುವುದು ಇಲ್ಲಿಯೇ. ದೆವ್ವ ಭೂತಗಳ ಕೈಗೆ ಕಥೆ ಕೊಡದೆ, ಇದೆಲ್ಲ ಹಳೆಯ ಕುಶಲಕರ್ಮಿಗಳು ಮಾಡಿಟ್ಟ ಯಂತ್ರ, ಕೀಲು, ಸುರಂಗಗಳ ಕೆಲಸ ಎಂದು ಬಿಡಿಸಿ ಹೇಳುತ್ತಾರೆ. ಮಾಯೆ ಎಂದು ಬೆರಗಾದ ಓದುಗ, ಓಹೋ ಹೀಗೋ ಎಂದು ಇನ್ನೊಮ್ಮೆ ಬೆರಗಾಗುತ್ತಾನೆ.

ಈ ಅಯ್ಯಾರಿ, ತಿಲಿಸ್ಮಗಳನ್ನು ಖತ್ರಿಯವರು ಗಾಳಿಯಿಂದ ಹಿಡಿದು ತರಲಿಲ್ಲ. ಪಾರಸಿ ಮತ್ತು ಉರ್ದುವಿನಲ್ಲಿ ‘ದಾಸ್ತಾನ್’ ಎಂಬ ದೊಡ್ಡ ಕಥಾಪರಂಪರೆ ಇತ್ತು. ಅಮೀರ ಹಮ್ಜಾನ ಸಾಹಸಗಳನ್ನು ದಾಸ್ತಾನ್ ಹೇಳುವವರು ರಾತ್ರಿಯಿಡೀ, ವಾರಗಟ್ಟಲೆ ಹೇಳುತ್ತಿದ್ದರು. ನಮ್ಮಲ್ಲಿ ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚುತ್ತಾರಲ್ಲ, ದಿನಾ ರಾತ್ರಿ ಊಟ ಮುಗಿಸಿ ಜನ ಕೂಡುತ್ತಾರಲ್ಲ, ಹಾಗೆ. ಆದರೆ ಅಲ್ಲಿ ಭಕ್ತಿಗಿಂತ ಬೆರಗು ಹೆಚ್ಚು. ಲಖನೌದ ನವಲಕಿಶೋರ ಮುದ್ರಣಾಲಯ ಈ ದಾಸ್ತಾನ್‌ಗಳನ್ನು ಉರ್ದುವಿನಲ್ಲಿ ಅಚ್ಚುಹಾಕಿತು. ‘ತಿಲಿಸ್ಮೆ ಹೋಶರುಬಾ’ದ ಮೊದಲ ಸಂಪುಟ ಬಂದದ್ದು 1883ರಲ್ಲಿ. ಹಮ್ಜಾ ಕಥೆಯ ಸಂಪುಟಗಳು ಒಟ್ಟು 46ಕ್ಕೆ ಮುಟ್ಟಿದವು. ಮುಂದೆ ದೊಡ್ಡ ಲೇಖಕರಾದ ಪ್ರೇಮಚಂದರು ಬಾಲ್ಯದಲ್ಲಿ ಗೋರಖಪುರದ ತಂಬಾಕಿನ ಅಂಗಡಿಯೊಂದರಲ್ಲಿ ಕುಳಿತು ಹೋಶರುಬಾ ಕಥೆ ಕೇಳಿ ಬೆಳೆದವರು.

ಹಾಗಾದರೆ ರುಚಿ ಮೊದಲೇ ಇತ್ತು. ಕಥೆಯ ಹಸಿವೂ ಇತ್ತು. ಆದರೆ ಅನ್ನ ಉರ್ದು ತಟ್ಟೆಯಲ್ಲಿತ್ತು. ಖತ್ರಿಯವರು ಅದನ್ನು ನಾಗರಿ ಅಕ್ಷರದ ತಟ್ಟೆಗೆ ಬಡಿಸಿದರು. ಬರೀ ಬಡಿಸಲಿಲ್ಲ. ರಾಜರ ಹೆಸರು, ಊರಿನ ಹೆಸರು, ಗುಡ್ಡ ಹೊಳೆಗಳೆಲ್ಲ ತಮ್ಮ ಸೀಮೆಯವೇ. ಚುನಾರಗಢದ ಕೋಟೆ ಗಂಗೆಯ ದಂಡೆಯಲ್ಲಿ ಇಂದಿಗೂ ನಿಂತಿದೆ. ವಿಜಯಗಢದ ಹಾಳು ಕೋಟೆ ಈಗಿನ ಸೋನಭದ್ರ ಜಿಲ್ಲೆಯಲ್ಲಿದೆ. ಓದುಗನಿಗೆ ಕಥೆ ದೂರದೇಶದ್ದೆನಿಸದೆ ತನ್ನ ಎತ್ತಿನ ಬಂಡಿ ಹೋಗುವ ದಾರಿಯದ್ದೆನಿಸಿತು.

ಆ ಕಾಲದ ಲಿಪಿಯ ಪರಿಸ್ಥಿತಿ ಸ್ವಲ್ಪ ತಿಳಿದುಕೊಳ್ಳಬೇಕು. 1837ರ ನಂತರ ಕೋರ್ಟು ಕಚೇರಿಗಳಿಂದ ಪಾರಸಿ ಭಾಷೆ ಹೋಯಿತು. ಆದರೆ ವಾಯವ್ಯ ಪ್ರಾಂತದಲ್ಲಿ ಅದರ ಸ್ಥಾನಕ್ಕೆ ಬಂದದ್ದು ಪಾರಸಿ ಅಕ್ಷರದ ಉರ್ದು. ಹಳ್ಳಿಯ ಲೆಕ್ಕಪತ್ರಗಳಿಗೆ ಕೈಥಿ ಎಂಬ ಲಿಪಿ, ನಮ್ಮ ಹಳೆಯ ಜಮೀನು ಕಾಗದಗಳು ಮೋಡಿಯಲ್ಲಿ ಇದ್ದಂತೆ. ನಾಗರಿ ಬಹುಮಟ್ಟಿಗೆ ಪೋಥಿ ಪುರಾಣದ ಅಕ್ಷರ. ಕಾಶಿಯಲ್ಲಿ 1893ರಲ್ಲಿ ನಾಗರೀ ಪ್ರಚಾರಿಣೀ ಸಭೆ ಹುಟ್ಟಿತು. ಮದನಮೋಹನ ಮಾಳವೀಯರು ಲೆಫ್ಟನೆಂಟ್ ಗವರ್ನರ್ ಮ್ಯಾಕ್‌ಡೊನೆಲ್ ಸಾಹೇಬರಿಗೆ 1898ರಲ್ಲಿ ಅರ್ಜಿ ಕೊಟ್ಟರು. 1900ರ ಏಪ್ರಿಲ್ 18ರಂದು ಕಚೇರಿಗಳಲ್ಲಿ ನಾಗರಿಗೂ ಅವಕಾಶ ಕೊಡುವ ಆಜ್ಞೆ ಹೊರಟಿತು. ಗಮನಿಸಿ, ಆಜ್ಞೆ ಬಂದದ್ದು 1900ರಲ್ಲಿ. ‘ಚಂದ್ರಕಾಂತಾ’ ಬಂದು ಆಗಲೇ ಹನ್ನೆರಡು ವರ್ಷವಾಗಿತ್ತು. ಅರ್ಜಿ ಬರೆಯಲು ಅಪ್ಪಣೆ ಸಿಗುವ ಮೊದಲೇ ಜನ ಅಕ್ಷರ ಕಲಿಯತೊಡಗಿದ್ದರು, ಚಂದ್ರಕಾಂತಾಳಿಗೆ ಮುಂದೇನಾಯಿತು ಎಂದು ತಿಳಿಯಲು.

ಇದು ನನ್ನ ಊಹೆಯಲ್ಲ. ಹಿಂದಿ ಸಾಹಿತ್ಯದ ಇತಿಹಾಸವನ್ನು 1929ರಲ್ಲಿ ಬರೆದ ಆಚಾರ್ಯ ರಾಮಚಂದ್ರ ಶುಕ್ಲರು ಹೇಳಿದ ಮಾತು. ಶುಕ್ಲರು ಬಹಳ ಕಟ್ಟುನಿಟ್ಟಿನ ವಿಮರ್ಶಕರು, ಹೊಗಳಿಕೆಯಲ್ಲಿ ಜಿಪುಣರು. ಖತ್ರಿಯವರ ಕಾದಂಬರಿಗಳಲ್ಲಿ ಘಟನೆಗಳ ವೈಚಿತ್ರ್ಯವೇ ಮುಖ್ಯ, ರಸವಾಗಲಿ ಪಾತ್ರಚಿತ್ರಣವಾಗಲಿ ಗುರಿಯಲ್ಲ, ಆದ್ದರಿಂದ ಇವು ಸಾಹಿತ್ಯದ ಕೋಟಿಗೆ ಸೇರುವುದಿಲ್ಲ ಎಂದೇ ಅವರ ತೀರ್ಪು. ಆದರೆ ಅದೇ ಪುಟದಲ್ಲಿ ಅವರು ಇನ್ನೊಂದನ್ನು ಒಪ್ಪಿಕೊಂಡರು. ಹಿಂದಿಗೆ ಇವರಷ್ಟು ಓದುಗರನ್ನು ಬೇರಾವ ಗ್ರಂಥಕರ್ತನೂ ಹುಟ್ಟಿಸಲಿಲ್ಲ. ಉರ್ದು ಒಂದನ್ನೇ ನಂಬಿದ್ದ ಎಷ್ಟೋ ಮಂದಿ ‘ಚಂದ್ರಕಾಂತಾ’ ಓದಲಿಕ್ಕಾಗಿಯೇ ಹಿಂದಿ ಕಲಿತರು. ಓದಿ ಮುಗಿಸಿದವರು ಅದೇ ಜಾತಿಯ ಇನ್ನೊಂದು ಪುಸ್ತಕ ಹುಡುಕುತ್ತ ಅಲೆದಾಡಿದರು. ಸಿಗದಿದ್ದಾಗ ಬೇರೆ ಪುಸ್ತಕಗಳನ್ನೂ ಓದಿದರು. ಕೆಲವರು ಓದುತ್ತ ಓದುತ್ತ ತಾವೇ ಲೇಖಕರಾದರು. ಶುಕ್ಲರ ಮಾತಿನ ಸಾರ ಇದು.

ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಪುಸ್ತಕಕ್ಕೆ ಬೇಕು? ಸಾಹಿತ್ಯದ ಮನೆಯ ಒಳಗೆ ಇವನಿಗೆ ಮಣೆ ಇಲ್ಲ ಎಂದವರೇ, ಈ ಮನೆಗೆ ಜನರನ್ನು ಕೈಹಿಡಿದು ಕರೆತಂದವನು ಇವನೇ ಎಂದೂ ಬರೆಯಬೇಕಾಯಿತು.

1901ರ ಜನಗಣತಿಯ ಪ್ರಕಾರ ಇಡೀ ಹಿಂದೂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಆರು ಮಂದಿಯೂ ಇರಲಿಲ್ಲ. ಅಂಥ ಕಾಲದಲ್ಲಿ ಒಂದು ಪುಸ್ತಕವೆಂದರೆ ಒಬ್ಬನ ಸ್ವತ್ತಲ್ಲ. ಒಬ್ಬ ಓದುವವನಿದ್ದರೆ ಸುತ್ತ ಕೇಳುವವರು ಇರುತ್ತಿದ್ದರು. ಖತ್ರಿಯವರು ಬರೆದ ರೀತಿಯೂ ಇದಕ್ಕೆ ಒಗ್ಗುವಂಥದು. ಅಧ್ಯಾಯಗಳನ್ನು ಅವರು ‘ಬಯಾನ್’ ಎಂದು ಕರೆದರು, ಅಂದರೆ ಹೇಳಿಕೆ. ಒಂದೊಂದು ಬಯಾನೂ ಚಿಕ್ಕದು. ಮುಗಿಯುವ ಹೊತ್ತಿಗೆ ಯಾರೋ ಸೆರೆ ಸಿಕ್ಕಿರುತ್ತಾರೆ, ಇಲ್ಲವೆ ಯಾವುದೋ ಬಾಗಿಲು ತಾನಾಗಿ ತೆರೆದಿರುತ್ತದೆ. ಅಲ್ಲಿಗೆ ಪುಸ್ತಕ ಮುಚ್ಚುವುದು ಹೇಗೆ?

ಭಾಷೆಯ ವಿಷಯದಲ್ಲಿ ಅವರು ಮಾಡಿದ ಯುಕ್ತಿ ನಮಗೆ ಬಹಳ ಮುಖ್ಯ. ಆಗ ಪಂಡಿತರು ಬರೆಯುತ್ತಿದ್ದ ಹಿಂದಿ ಸಂಸ್ಕೃತದಿಂದ ಭಾರವಾಗಿತ್ತು, ಮುನ್ಶಿಗಳ ಉರ್ದು ಪಾರಸಿಯಿಂದ ಭಾರವಾಗಿತ್ತು. ಖತ್ರಿಯವರು ಎರಡನ್ನೂ ಬಿಟ್ಟು ಪೇಟೆಯಲ್ಲಿ, ಓಣಿಯಲ್ಲಿ ಜನ ಆಡುವ ಮಾತನ್ನು ಎತ್ತಿಕೊಂಡರು. ಉರ್ದು ಶಬ್ದ ಬಂದರೆ ಹೊರಗೆ ಹಾಕಲಿಲ್ಲ. ಉರ್ದು ಓದಿದವನಿಗೆ ಹೊಸದು ಅಕ್ಷರ ಮಾತ್ರ, ಮಾತೆಲ್ಲ ಪರಿಚಯದ್ದೇ. ಅಕ್ಷರಮಾಲೆ ಕಲಿತ ವ್ಯಕ್ತಿ ಕೆಲವೇ ದಿನಗಳಲ್ಲಿ ಪುಟದ ಮೇಲೆ ಪುಟ ತಿರುವಬಹುದಿತ್ತು.

ಈ ಪುಸ್ತಕ ಇಷ್ಟು ಹರಡೀತೆಂದು ತಾವು ನಂಬಿರಲಿಲ್ಲ, ಮನೋವಿನೋದಕ್ಕೆಂದು ಬರೆದದ್ದು, ಜನರ ಪ್ರೀತಿ ಕಂಡು ತಮಗೂ ಪ್ರೀತಿ ಹೆಚ್ಚಿತು ಎಂಬ ಅರ್ಥದಲ್ಲಿ ಖತ್ರಿಯವರೇ ಮುಂದೆ ಬರೆದಿದ್ದಾರೆ. ಓದುಗರು ಬಿಡಲಿಲ್ಲ. ಚಂದ್ರಕಾಂತಾಳ ಮಕ್ಕಳ ಕಥೆ ‘ಚಂದ್ರಕಾಂತಾ ಸಂತತಿ’ ಶುರುವಾಯಿತು. 1894ರಿಂದ ಮುಂದೆ ಅದು 24 ಭಾಗಗಳಾಗಿ ಬೆಳೆಯಿತು. 1898ರಲ್ಲಿ ಖತ್ರಿಯವರು ಕಾಶಿಯಲ್ಲಿ ಸ್ವಂತ ಮುದ್ರಣಾಲಯವನ್ನೇ ಹಾಕಿದರು, ‘ಲಹರೀ ಪ್ರೆಸ್’ ಎಂದು ಹೆಸರಿಟ್ಟರು. ಅಡವಿಯ ಗುತ್ತಿಗೆ ಹೋದ ಮನುಷ್ಯನಿಗೆ ಓದುಗರು ಒಂದು ಛಾಪಖಾನೆ ಕಟ್ಟಿಸಿಕೊಟ್ಟಂತಾಯಿತು. ಬಳಿಕ ‘ಭೂತನಾಥ’ ಬಂತು. ಅದರ ಆರು ಭಾಗ ಬರೆದು 1913ರಲ್ಲಿ ಅವರು ತೀರಿಕೊಂಡರು. ಓದುಗರು ಕಾಯುತ್ತಿದ್ದರಲ್ಲ, ಮಗ ದುರ್ಗಾಪ್ರಸಾದ ಖತ್ರಿಯವರು ಅದನ್ನು ಮುಂದುವರಿಸಿ ಪೂರ್ತಿ ಮಾಡಿದರು.

‘ಸಂತತಿ’ಯ ಕೊನೆಯಲ್ಲಿ ಅವರು ತಮ್ಮ ಭಾಷೆಯ ಗುಟ್ಟನ್ನೂ ಬಿಟ್ಟುಕೊಟ್ಟಿದ್ದಾರೆ. ಮೊದಲು ಸುಲಭ ಮಾತಿನಿಂದ ಆರಂಭಿಸಿ, ಭಾಗದಿಂದ ಭಾಗಕ್ಕೆ ಮೆಲ್ಲಗೆ ಶಬ್ದಗಳನ್ನು ಏರಿಸುತ್ತ ಹೋದರು. ಎಲ್ಲಿ ಬದಲಾಯಿತೆಂದು ಓದುಗನಿಗೆ ಗೊತ್ತಾಗದಂತೆ, ಮಗು ಬೆಳೆದು ದೊಡ್ಡವನಾದಂತೆ. ಅಂದರೆ ಓದುಗನಿಗೆ ನಿಘಂಟು ಹಿಡಿಸದೆಯೇ ಅವನನ್ನು ಕಠಿಣ ಭಾಷೆಯ ಮೆಟ್ಟಿಲು ಹತ್ತಿಸಿದರು. ಇದನ್ನು ಕೇಳಿದಾಗ ನನಗೆ ಎಳೆಯ ಹೋರಿಯನ್ನು ಮೊದಲು ಬರಿಯ ನೊಗಕ್ಕೆ, ಆಮೇಲೆ ಖಾಲಿ ಬಂಡಿಗೆ, ಕಡೆಗೆ ಹೇರಿದ ಬಂಡಿಗೆ ರೂಢಿಸುವ ಒಕ್ಕಲಿಗನ ನೆನಪಾಗುತ್ತದೆ.

ಟೀಕೆಗಳು ಇರಲಿಲ್ಲವೆ? ಇದ್ದವು. ಇದೆಲ್ಲ ಅಸಂಭವ, ಹುಡುಗರ ತಲೆ ಕೆಡಿಸುವಂಥದು ಎಂದು ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. ಖತ್ರಿಯವರೂ ಉತ್ತರ ಕೊಟ್ಟರು. ಅನುಕರಣೆಯ ತಿಲಿಸ್ಮಿ ಕಾದಂಬರಿಗಳು ರಾಶಿ ಬಿದ್ದವು, ಅದರಲ್ಲಿ ಜೊಳ್ಳೇ ಹೆಚ್ಚು. ಆದರೆ ಆ ಓದುಗರೇ ಮುಂದಿನವರಿಗೆ ನೆಲ ಹದಮಾಡಿದರು. 1900ರಲ್ಲಿ ಗೋಪಾಲರಾಮ ಗಹಮರಿಯವರು ‘ಜಾಸೂಸ್’ ಎಂಬ ಪತ್ತೇದಾರಿ ಮಾಸಪತ್ರಿಕೆ ಹೊರಡಿಸಿದಾಗ ಕೊಳ್ಳುವವರು ತಯಾರಿದ್ದರು. ಇನ್ನೂ ಮುಂದೆ ಬನ್ನಿ. ಪ್ರೇಮಚಂದರು ವೇಶ್ಯಾಸಮಸ್ಯೆಯ ಮೇಲೆ ಒಂದು ಗಂಭೀರ ಕಾದಂಬರಿಯನ್ನು ಉರ್ದುವಿನಲ್ಲಿ ಬರೆದರು. ಆದರೆ ಅದು ಮೊದಲು ಅಚ್ಚಾದದ್ದು ಹಿಂದಿಯಲ್ಲಿ, ‘ಸೇವಾಸದನ’ ಎಂದು, 1918-19ರಲ್ಲಿ. ಉರ್ದು ಪುಸ್ತಕ ಬರಲು 1924 ಆಯಿತು. ಮೂವತ್ತು ವರ್ಷಗಳಲ್ಲಿ ಓದುಗರು ಎಲ್ಲಿ ನೆರೆದಿದ್ದರು ಎಂಬುದಕ್ಕೆ ಇದೇ ಸಾಕ್ಷಿ. ಸಾಲಿಗಳು, ಸಭೆಗಳು, ಪತ್ರಿಕೆಗಳು ಎಲ್ಲವೂ ಆ ಕೆಲಸ ಮಾಡಿದವು, ಒಂದೇ ಪುಸ್ತಕಕ್ಕೆ ಪೂರ್ತಿ ಶ್ರೇಯಸ್ಸು ಕೊಡುವುದು ನ್ಯಾಯವಲ್ಲ. ಆದರೆ ಜನ ಖುಷಿಯಿಂದ ನಡೆದು ಬಂದ ದಾರಿ ‘ಚಂದ್ರಕಾಂತಾ’ ಹಾಕಿದ ದಾರಿ.

ನಮ್ಮ ಕನ್ನಡದಲ್ಲಿಯೂ ಅದೇ ಕಾಲಕ್ಕೆ ಇಂಥ ಕೆಲಸ ನಡೆದಿತ್ತು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದು ಕನ್ನಡ ಓದುವ ಚಟ ಹತ್ತಿಸಿದರು. ನಮ್ಮ ಮುಂಬಯಿ ಕರ್ನಾಟಕದಲ್ಲಿ ಮರಾಠಿಯೇ ಪ್ರತಿಷ್ಠೆಯ ಭಾಷೆಯಾಗಿದ್ದ ದಿನಗಳಲ್ಲಿ ಗಳಗನಾಥರು ಆ ಮರಾಠಿಯಿಂದಲೇ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಸ್ವತಂತ್ರವಾಗಿಯೂ ಬರೆದರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅವರು ಮರಾಠಿಯನ್ನು ಬೈಯುತ್ತ ಕೂಡಲಿಲ್ಲ. ಅದರಲ್ಲಿ ಜನರಿಗೆ ಯಾವುದು ರುಚಿ ಎಂದು ನೋಡಿ, ಆ ರುಚಿಯನ್ನು ಕನ್ನಡದಲ್ಲಿ ಕೊಟ್ಟರು.

ಬಂಧುಗಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಮೂವತ್ತಕ್ಕೂ ಹೆಚ್ಚು ವರ್ಷ ಕೌಂಟರಿನ ಈಚೆಗೆ ಕುಳಿತು ಜನರ ಸಹಿ ನೋಡಿದ್ದೇನೆ. ಮೊದಮೊದಲು ಹಣ ತೆಗೆಯುವ ಚೀಟಿಯ ಮೇಲೆ ಮುದುಕರ ಗುಂಡಗಿನ ಕನ್ನಡ ಸಹಿ ಬರುತ್ತಿತ್ತು. ಅವರ ಮಕ್ಕಳದು ಮರಾಠಿ, ಮೊಮ್ಮಕ್ಕಳದು ಇಂಗ್ಲಿಷು. ಮೂವರೂ ಕೌಂಟರಿನ ಮುಂದೆ ನಿಂತು ತಮ್ಮತಮ್ಮಲ್ಲಿ ಆಡುವ ಮಾತು ಮಾತ್ರ ಕನ್ನಡವೇ. ಹಾಗೆ ನೋಡುತ್ತ ನೋಡುತ್ತ ಮನೆಯ ಅಕ್ಷರ ಒಂದು ತಲೆಮಾರಿನಲ್ಲಿ ಹೊರಟುಹೋಗಬಹುದೆಂದು ತಿಳಿಯಿತು. ಇದಕ್ಕೆ ಯಾರನ್ನೂ ದೂರಿ ಫಲವಿಲ್ಲ. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ, ಸಂತರ ಅಭಂಗ ಕೊಟ್ಟ ಭಾಷೆ. ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ‘ಚಂದ್ರಕಾಂತಾ’ಗಾಗಿ ನಾಗರಿ ಕಲಿತವನು ತನ್ನ ಉರ್ದುವನ್ನು ಬಾವಿಗೆ ಎಸೆಯಬೇಕಾಗಿರಲಿಲ್ಲ. ಅವನಿಗೆ ಒಂದು ಕಣ್ಣಿದ್ದಲ್ಲಿ ಎರಡಾದವು, ಅಷ್ಟೇ.

ನಮ್ಮ ಹುಡುಗರ ಸ್ಥಿತಿ ಆ ಉರ್ದು ಓದುಗನದೇ. ಮಾತು ಬಾಯಲ್ಲಿದೆ, ಬೇಕಾದದ್ದು ಅಕ್ಷರ ಮಾತ್ರ. ಅಕ್ಕಲಕೋಟೆ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಸಾಲಿಗಳು ಇವೆ, ಅವು ಉಳಿಯಬೇಕು. ಆದರೆ ಮರಾಠಿ ಸಾಲಿಗೆ, ಇಂಗ್ಲಿಷ್ ಸಾಲಿಗೆ ಹೋಗುವ ಹುಡುಗನಿಗೆ ವರ್ಣಮಾಲೆಯ ಪಟ ತೋರಿಸಿ ‘ಇದು ನಿನ್ನ ಮಾತೃಭಾಷೆ, ಕಲಿ’ ಎಂದು ಉಪದೇಶ ಮಾಡಿದರೆ ಅವನು ಓಡಿಹೋಗುತ್ತಾನೆ. ಅವನಿಗೆ ರಾತ್ರಿ ಒಂದು ಕಥೆ ಓದಿ ಹೇಳಿ. ಕಲ್ಲಿನ ಹಕ್ಕಿ ಬಾಯಿ ತೆರೆಯುವ ಹೊತ್ತಿಗೆ ಪುಸ್ತಕ ಮುಚ್ಚಿಡಿ. ‘ನನಗ ಕಣ್ಣ ಮಂಜಾಗ್ಯಾವ, ಮುಂದಿನದು ನೀನ ಓದಪಾ’ ಎನ್ನಿ. ಮರುದಿನ ಮುಂಜಾನೆ ಅವನೇ ಬಂದು ‘ಅಜ್ಜಾ, ಈ ಅಕ್ಷರ ಯಾವುದು?’ ಎಂದು ಕೇಳಿದರೆ ಅಲ್ಲಿಗೆ ಅರ್ಧ ಕೆಲಸ ಆಯಿತು.

ಆದರೆ ಅಂಥ ಕಥೆ ಬರೆಯುವವರು ಬೇಕು. ನಮ್ಮ ನಳದುರ್ಗದ ಕೋಟೆಯಿದೆ, ಸೋಲಾಪುರದ ಭುಯಿಕೋಟೆಯಿದೆ, ಭೀಮೆ ಬೋರಿಯರ ದಂಡೆಯಿದೆ. ಈ ಕಲ್ಲುಗಳ ನಡುವೆ ತಿರುಗಾಡಿದ ಯಾವನೋ ಒಬ್ಬ ಇಪ್ಪತ್ತೇಳರ ಹುಡುಗ, ನಮ್ಮ ಓಣಿಯ ಮಾತಿನಲ್ಲಿ ತನ್ನ ಮೊದಲ ಕಾದಂಬರಿ ಬರೆದಾನು. ಪಂಡಿತರು ಅದನ್ನು ಸಾಹಿತ್ಯವಲ್ಲ ಎಂದರೂ ಚಿಂತೆಯಿಲ್ಲ. ಮೊಮ್ಮಕ್ಕಳು ಕಿತ್ತಾಡಿಕೊಂಡು ಓದಿದರೆ ಸಾಕು.